ಮಗುವಿನ ಜೀವನಾಂಶ: ಆದೇಶ ಬಂದ ದಿನ ಕಡತ ಮುಚ್ಚಬೇಡಿ

ಮಾನ್ಯ ಅಧ್ಯಕ್ಷರು ಮತ್ತು ಸದಸ್ಯ ಕಾರ್ಯದರ್ಶಿಗಳಿಗೆ,
ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ, ಕೋಲಾರ

ಪ್ರತಿಗಳು: ತಾಲ್ಲೂಕು ಕಾನೂನು ಸೇವಾ ಸಮಿತಿಗಳಿಗೆ, ಮತ್ತು ಬೇರೆಯಾಗಿ ಬಾಳುತ್ತಿರುವ ಎಲ್ಲ ತಾಯಂದಿರಿಗೆ, ತಂದೆಯರಿಗೆ

ಮಾನ್ಯರೇ,

ಗಂಡ ಹೆಂಡತಿ ಬೇರೆಯಾದ ಮೇಲೆ ಮಗುವಿನ ಊಟ, ಬಟ್ಟೆ, ಶಾಲೆ, ಔಷಧಿಯ ಖರ್ಚನ್ನು ಯಾರು ಹೊರಬೇಕು ಎಂಬುದಕ್ಕೆ ನಮ್ಮ ಕಾನೂನಿನಲ್ಲಿ ಸ್ಪಷ್ಟ ಉತ್ತರವಿದೆ. ಆದರೂ ಆ ಹಣ ಮಗುವಿಗೆ ಸೇರುವ ಮೊದಲೇ ಎರಡು ಕಡೆ ಸೋರಿಹೋಗುತ್ತದೆ. ಆದೇಶಕ್ಕೆ ಮೊದಲು ತಂದೆಯ ಆದಾಯ ರುಜುವಾತಾಗುವುದಿಲ್ಲ. ಆದೇಶದ ನಂತರ ಬಾಕಿ ವಸೂಲಿಗೆ ಬೆನ್ನು ಹತ್ತುವವರು ಇರುವುದಿಲ್ಲ. ಈ ಎರಡೂ ಕಡೆ ನಿಮ್ಮ ಪ್ರಾಧಿಕಾರ ಮಾಡಬಹುದಾದ ಕೆಲಸ ಬಹಳಷ್ಟಿದೆ ಎಂದು ನಂಬಿ ಈ ಪತ್ರ ಬರೆಯುತ್ತಿದ್ದೇವೆ. ಬಹಿರಂಗವಾಗಿ ಬರೆಯಲು ಕಾರಣವೂ ಇದೆ. ಇಲ್ಲಿನ ವಿವರಗಳು ಮುಳಬಾಗಿಲಿನಲ್ಲೋ ಮಾಲೂರಿನಲ್ಲೋ ಮಗುವನ್ನು ಕಟ್ಟಿಕೊಂಡು ತವರಿಗೆ ಬಂದಿರುವ ಹೆಣ್ಣುಮಗಳಿಗೂ, ಎಷ್ಟು ಕೊಡಬೇಕೆಂದು ತಿಳಿಯದೆ ಗೊಂದಲದಲ್ಲಿರುವ ತಂದೆಗೂ ನೇರವಾಗಿ ಉಪಯೋಗವಾಗಲಿ ಎಂಬುದು ನಮ್ಮ ಆಸೆ.

ಮೊದಲು ಕಾನೂನಿನ ನೆಲೆಯನ್ನು ಹೇಳಿಬಿಡುತ್ತೇವೆ. 2024ರ ಜುಲೈ 1ರವರೆಗೆ ಎಲ್ಲರ ಬಾಯಲ್ಲೂ ಇದ್ದ ‘125ರ ಕೇಸು’, ಅಂದರೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನ ಜೀವನಾಂಶದ ಅರ್ಜಿ, ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ. ಯಾವ ಧರ್ಮದವರಾದರೂ ಇದರಡಿ ಅರ್ಜಿ ಹಾಕಬಹುದು. ಮುಸ್ಲಿಂ ತಂದೆಯ ಮಗುವಿಗೂ ಈ ಹಕ್ಕು ಪೂರ್ತಿಯಾಗಿ ಇದೆ ಎಂದು ಸುಪ್ರೀಂ ಕೋರ್ಟ್ 1997ರಲ್ಲೇ ಹೇಳಿದೆ. ತಂದೆ ತಾಯಿ ಮದುವೆಯಾಗಿರದಿದ್ದರೂ, ಮದುವೆ ಕಾನೂನಿನ ಪ್ರಕಾರ ಊರ್ಜಿತವಾಗದಿದ್ದರೂ ಮಗುವಿನ ಹಕ್ಕು ಹೋಗುವುದಿಲ್ಲ. ಎರಡನೇ ಸಂಬಂಧದಲ್ಲಿ ಹುಟ್ಟಿದ ಮಗುವಿನ ತಾಯಿಗೆ ‘ನಿನಗೆ ಕೋರ್ಟಿಗೆ ಹೋಗೋ ಹಕ್ಕೇ ಇಲ್ಲ’ ಎಂದು ಊರಿನ ಹಿರಿಯರು ಹೇಳಿ ಕಳಿಸುವುದು ಶುದ್ಧ ತಪ್ಪು. ಆಕೆಗೆ ಹೆಂಡತಿಯ ಹಕ್ಕು ಇಲ್ಲದೆ ಇರಬಹುದು, ಮಗುವಿನ ಹಕ್ಕು ಇದ್ದೇ ಇದೆ.

ಇದರ ಜೊತೆಗೆ ಬೇರೆ ದಾರಿಗಳೂ ಇವೆ. ಹಿಂದೂ ವಿವಾಹ ಕಾಯ್ದೆಯ 26ನೇ ಕಲಂ ಪ್ರಕಾರ ವಿಚ್ಛೇದನದ ಪ್ರಕರಣ ನಡೆಯುವಾಗಲೂ, ತೀರ್ಪು ಬಂದ ಮೇಲೂ ಮಗುವಿನ ಪಾಲನೆ ಮತ್ತು ಓದಿನ ಖರ್ಚು ಕೇಳಬಹುದು. ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ 20ನೇ ಕಲಂ ಈ ಹೊಣೆಯನ್ನು ತಂದೆ ತಾಯಿ ಇಬ್ಬರ ಮೇಲೂ ಹಾಕುತ್ತದೆ. ಮದುವೆಯಾಗದ, ಸ್ವಂತ ದುಡಿಮೆಯಿಲ್ಲದ ಮಗಳು 18 ದಾಟಿದ ಮೇಲೂ ಇದರಡಿ ಕೇಳಬಹುದು. ಹೊಡೆತ, ಹಿಂಸೆ, ಮನೆಯಿಂದ ಹೊರಹಾಕುವಿಕೆ ಇದ್ದಲ್ಲಿ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ 20ನೇ ಕಲಂ ಇದೆ. ಅದಕ್ಕೆ ಸಂರಕ್ಷಣಾಧಿಕಾರಿಯ ಮೂಲಕ, ಅಂದರೆ ನಮ್ಮಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ (ಸಿಡಿಪಿಒ) ಕಚೇರಿಯ ಮೂಲಕ ಹೋಗಬಹುದು. ಒಂದಕ್ಕಿಂತ ಹೆಚ್ಚು ಅರ್ಜಿ ಹಾಕಿದರೆ ತಪ್ಪಿಲ್ಲ, ಆದರೆ ಎರಡನೇ ಕೋರ್ಟಿನಲ್ಲಿ ಮೊದಲನೆಯದನ್ನು ಮುಚ್ಚಿಡಬಾರದು. ಮೊದಲು ಮಂಜೂರಾದ ಹಣವನ್ನು ಎರಡನೇ ಕೋರ್ಟು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ.

ನಮ್ಮ ಜಿಲ್ಲೆಗೆ ಬಹಳ ಮುಖ್ಯವಾದ ವಿಚಾರ ಒಂದಿದೆ. ಕೋಲಾರ ಗಡಿ ಜಿಲ್ಲೆ. ಮದನಪಲ್ಲಿ, ಪಲಮನೇರು, ಕುಪ್ಪಂ, ಹೊಸೂರು, ಕೃಷ್ಣಗಿರಿಯ ಕಡೆ ಹೆಣ್ಣು ಕೊಟ್ಟು ತರುವುದು ಇಲ್ಲಿ ತಲೆಮಾರುಗಳಿಂದ ಬಂದದ್ದು. ಮದುವೆ ಮುರಿದಾಗ ‘ಗಂಡನ ಊರಿನ ಕೋರ್ಟಿಗೇ ಹೋಗಬೇಕು’ ಎಂಬ ತಪ್ಪು ನಂಬಿಕೆಯಿಂದ ಎಷ್ಟೋ ತಾಯಂದಿರು ಸುಮ್ಮನಾಗುತ್ತಾರೆ. ನಾಗರಿಕ ಸುರಕ್ಷಾ ಸಂಹಿತೆಯ 145ನೇ ಕಲಂ ಹೇಳುವುದು ಬೇರೆ. ಗಂಡ ಈಗ ಇರುವ ಜಿಲ್ಲೆ, ಹೆಂಡತಿ ಈಗ ವಾಸವಿರುವ ಜಿಲ್ಲೆ, ಇಬ್ಬರೂ ಕೊನೆಯದಾಗಿ ಒಟ್ಟಿಗೆ ಬಾಳಿದ ಜಿಲ್ಲೆ, ಇವುಗಳಲ್ಲಿ ಎಲ್ಲಿ ಬೇಕಾದರೂ ಅರ್ಜಿ ಹಾಕಬಹುದು. ಗಂಡ ಕುಪ್ಪಂನವನಾದರೂ ಕೆಜಿಎಫ್‌ನ ತವರಿನಲ್ಲಿರುವ ತಾಯಿ ಕೋಲಾರ ಜಿಲ್ಲೆಯಲ್ಲೇ ಕೇಳಬಹುದು. ಕೌಟುಂಬಿಕ ನ್ಯಾಯಾಲಯದ ವ್ಯಾಪ್ತಿಯಲ್ಲಿದ್ದರೆ ಅಲ್ಲಿ, ಇಲ್ಲವಾದರೆ ತಾಲ್ಲೂಕಿನ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ, ಅಂದರೆ ಜೆಎಂಎಫ್‌ಸಿ ನ್ಯಾಯಾಲಯದಲ್ಲಿ.

ಗಡಿ ದಾಟಿದ ಪ್ರಕರಣಗಳು ಕೆಡುವುದು ನೋಟಿಸ್ ಜಾರಿಯಲ್ಲಿ. ಅರ್ಜಿಯಲ್ಲಿ ‘ಇಂಥವರ ಮಗ, ಇಂಥ ಊರು’ ಎಂದು ಬರೆದುಬಿಟ್ಟರೆ ನೋಟಿಸು ವಾಪಸು ಬರುತ್ತದೆ, ವಾಯಿದೆ ಮೇಲೆ ವಾಯಿದೆ ಬೀಳುತ್ತದೆ. ಮನೆ ನಂಬರು, ಬೀದಿ, ಗ್ರಾಮ, ಮಂಡಲ ಅಥವಾ ತಾಲ್ಲೂಕು, ಪಿನ್ ಕೋಡ್ ಇಷ್ಟನ್ನೂ ಕೊಡಬೇಕು. ಮನೆಯ ವಿಳಾಸದ ಜೊತೆಗೆ ಕೆಲಸದ ಜಾಗದ ವಿಳಾಸ, ಮೊಬೈಲ್ ನಂಬರು, ಆತನ ತಂದೆಯ ಮನೆಯ ವಿಳಾಸ ಬೇರೆಯಿದ್ದರೆ ಅದೂ ಇರಲಿ. ಬೇಕೆಂದೇ ತಪ್ಪಿಸಿಕೊಳ್ಳುತ್ತಿದ್ದಾನೆ ಎಂದು ಕೋರ್ಟಿಗೆ ಮನವರಿಕೆಯಾದರೆ ಏಕಪಕ್ಷೀಯವಾಗಿ ವಿಚಾರಣೆ ನಡೆಸಬಹುದು. ಹಾಗೆ ಬಂದ ಆದೇಶವನ್ನು ರದ್ದು ಮಾಡಿ ಎಂದು ಕೇಳಲು ಆತನಿಗೆ ಇರುವುದು ಮೂರು ತಿಂಗಳು. ಗಡಿಯಾಚೆಯ ಕಾನೂನು ಸೇವಾ ಸಮಿತಿಗಳೊಡನೆ ನಿಮ್ಮ ಪ್ರಾಧಿಕಾರ ಪತ್ರವ್ಯವಹಾರ ಇಟ್ಟುಕೊಂಡು, ಅವರ ಸ್ವಯಂಸೇವಕರ ಮೂಲಕ ಸರಿಯಾದ ವಿಳಾಸವನ್ನು ಖಚಿತಪಡಿಸಿಕೊಡುವ ವ್ಯವಸ್ಥೆ ಮಾಡಿದರೆ ತಿಂಗಳುಗಟ್ಟಲೆ ಉಳಿಯುತ್ತದೆ. ಇದು ನಮ್ಮ ಮೊದಲ ಬೇಡಿಕೆ.

ಈಗ ಆದಾಯದ ಮಾತು. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಮಗುವಿಗೆ ಸಿಗುವ ಮೊತ್ತ ನಿಂತಿರುವುದೇ ಇದರ ಮೇಲೆ.

2020ರ ನವೆಂಬರ್ 4ರಂದು ರಜನೀಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ದೇಶದ ಎಲ್ಲ ಕೋರ್ಟುಗಳಿಗೂ ಒಂದು ಕ್ರಮ ಹಾಕಿಕೊಟ್ಟಿತು. ಜೀವನಾಂಶ ಕೇಳುವವರು, ಕೊಡಬೇಕಾದವರು ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲಗಳ ಪ್ರಮಾಣಪತ್ರ ಸಲ್ಲಿಸಬೇಕು. ಎದುರುದಾರನಿಗೆ ಅದಕ್ಕೆ ಗರಿಷ್ಠ 4 ವಾರ. ಪ್ರಮಾಣಪತ್ರ ಹಾಕದೆ ಎರಡಕ್ಕಿಂತ ಹೆಚ್ಚು ವಾಯಿದೆ ಕೇಳುವಂತಿಲ್ಲ. ಬೇಕೆಂದೇ ಎಳೆದಾಡಿದರೆ ಆತನ ವಾದವನ್ನೇ ಕೋರ್ಟು ತೆಗೆದುಹಾಕಬಹುದು. ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದಲೇ ಕೊಡಿಸಬೇಕು ಎಂದೂ ಅದೇ ತೀರ್ಪು ಹೇಳಿತು. ಆದ್ದರಿಂದ ಅರ್ಜಿಯನ್ನು ತಡಮಾಡುವ ಪ್ರತಿ ತಿಂಗಳೂ ಮಗುವಿನ ಹಣ ಹೋದಂತೆ.

ಆ ತೀರ್ಪಿನ ಜೊತೆಗೆ ಲಗತ್ತಾದ ನಮೂನೆಗಳು ಬೇರೆ ಬೇರೆ ಎಂಬುದು ಹಲವರ ಗಮನಕ್ಕೆ ಬರುವುದಿಲ್ಲ. ಮೊದಲನೆಯದು ಕೃಷಿಕರಲ್ಲದವರಿಗೆ, ಎರಡನೆಯದು ಕೃಷಿಕರಿಗೆ. ಟೊಮೆಟೊ, ಮಾವು, ರೇಷ್ಮೆ, ಹಾಲು ಇವುಗಳಿಂದಲೇ ಬದುಕುವ ಕೋಲಾರ ಜಿಲ್ಲೆಯಲ್ಲಿ ಬಹುಪಾಲು ತಂದೆಯರಿಗೆ ಬೇಕಾದದ್ದು ಎರಡನೆಯ ನಮೂನೆ. ಜಮೀನಿನ ವಿಸ್ತೀರ್ಣ, ಪಾಲು, ತರಿಯೋ ಖುಷ್ಕಿಯೋ, ಯಾವ ಬೆಳೆ, ಕಳೆದ ಮೂರು ವರ್ಷದ ಆದಾಯ, ದನಕರು, ಸಾಲ ಎಲ್ಲವನ್ನೂ ಅದು ಕೇಳುತ್ತದೆ. ಮೊದಲನೆಯ ನಮೂನೆಯನ್ನೇ ತುಂಬಿ ‘ಸಂಬಳ: ಇಲ್ಲ’ ಎಂದು ಬರೆದು ಕೊಟ್ಟರೆ ಮೂರು ಎಕರೆ ನೀರಾವರಿ ಇರುವ ರೈತ ಕಾಗದದಲ್ಲಿ ನಿರ್ಗತಿಕನಾಗಿಬಿಡುತ್ತಾನೆ. ಈ ನಮೂನೆಯನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಪ್ರತಿ ತಾಲ್ಲೂಕು ನ್ಯಾಯಾಲಯದ ಕಾನೂನು ನೆರವು ಕೌಂಟರಿನಲ್ಲಿ ಇಡಿ, ತುಂಬಿಸಿಕೊಡಲು ಸ್ವಯಂಸೇವಕರನ್ನು ಕೂರಿಸಿ ಎಂಬುದು ನಮ್ಮ ಎರಡನೇ ಬೇಡಿಕೆ.

ಎದುರುದಾರ ನಿಜ ಹೇಳುತ್ತಾನೆಂದು ಕಾಯುತ್ತ ಕೂರಬೇಕಿಲ್ಲ. ತಾಯಿಯ ಕೈಗೆ ಸಿಗುವ ದಾಖಲೆಗಳೇ ಸಾಕಷ್ಟಿವೆ. ಭೂಮಿ ತಂತ್ರಾಂಶದಿಂದ ಪಹಣಿ ಯಾರು ಬೇಕಾದರೂ ತೆಗೆಯಬಹುದು. ಪಹಣಿ ತಾತನ ಹೆಸರಿನಲ್ಲೇ ಇದ್ದರೆ ‘ಅವನಿಗೆ ಏನೂ ಇಲ್ಲ’ ಎಂದು ಬಿಟ್ಟುಬಿಡಬೇಡಿ. ಜಮೀನು ಪಿತ್ರಾರ್ಜಿತವಾದರೆ ಆ ಕುಟುಂಬದಲ್ಲಿ ಎಷ್ಟು ಜನ ಪಾಲುದಾರರಿದ್ದಾರೆ ಎಂಬುದನ್ನು ವಂಶವೃಕ್ಷದಿಂದ ತೋರಿಸಿದರೆ ಆತನ ಪಾಲಿನ ಅಂದಾಜು ಸಿಗುತ್ತದೆ. ಉಪನೋಂದಣಿ ಕಚೇರಿಯ ಋಣಭಾರ ಪತ್ರ, ಅಂದರೆ ಇಸಿ ತೆಗೆಸಿದರೆ ಇತ್ತೀಚೆಗೆ ಅಣ್ಣತಮ್ಮಂದಿರ ಹೆಸರಿಗೆ ದಾನಪತ್ರ ಆಗಿದೆಯೇ ಎಂಬುದೂ ತಿಳಿಯುತ್ತದೆ. ನೋಟಿಸು ಬಂದ ಮೇಲೆ ಜಮೀನು ಕೈ ಬದಲಾಯಿಸಿದ್ದರೆ ಅದನ್ನು ಕೋರ್ಟಿನ ಗಮನಕ್ಕೆ ತರಲೇಬೇಕು.

ಟೊಮೆಟೊ ಬೆಳೆಗಾರರ ಲೆಕ್ಕ ಎಲ್ಲಕ್ಕಿಂತ ಕಷ್ಟದ್ದು. ಒಂದು ವಾರ 15 ಕೆ.ಜಿ. ಬಾಕ್ಸಿಗೆ ಚಿನ್ನದ ಬೆಲೆ, ಇನ್ನೊಂದು ವಾರ ರಸ್ತೆಗೆ ಸುರಿಯುವ ಗತಿ. ತಾಯಿ ಒಳ್ಳೆಯ ವಾರದ ಮಂಡಿ ಪಟ್ಟಿ ತೋರಿಸುತ್ತಾಳೆ, ತಂದೆ ಕೆಟ್ಟ ವಾರದ್ದು ತೋರಿಸುತ್ತಾನೆ, ಎರಡೂ ನಿಜವೇ. ಅದಕ್ಕೇ ಮೂರು ವರ್ಷದ ಸರಾಸರಿ ಬೇಕು. ಸಸಿ, ಗೊಬ್ಬರ, ಔಷಧಿ, ಕೋಲು, ದಾರ, ಕೂಲಿ, ಕಮಿಷನ್ ಇವುಗಳನ್ನು ಕಳೆಯಬೇಕಾದದ್ದು ನ್ಯಾಯ. ಟ್ರ್ಯಾಕ್ಟರ್ ಸಾಲದ ಕಂತನ್ನು ಪೂರ್ತಿ ಖರ್ಚು ಎಂದು ತೋರಿಸುವುದು ನ್ಯಾಯವಲ್ಲ, ಟ್ರ್ಯಾಕ್ಟರ್ ಆತನ ಆಸ್ತಿಯಾಗಿ ಉಳಿಯುತ್ತದೆ. ಮಾವಿನ ತೋಟವನ್ನು ಹೂವಿನಲ್ಲೇ ವ್ಯಾಪಾರಿಗೆ ಗುತ್ತಿಗೆ ಕೊಟ್ಟಿದ್ದರೆ ಮುಂಗಡದ ಹಣ ಬ್ಯಾಂಕಿಗೆ ಬಂದಿದೆಯೇ ನೋಡಬೇಕು. ಹಾಲಿನ ವಿಷಯ ಇವೆಲ್ಲಕ್ಕಿಂತ ಸುಲಭ. ಡೇರಿ ಬಟವಾಡೆ ನೇರವಾಗಿ ಬ್ಯಾಂಕ್ ಖಾತೆಗೆ ಬೀಳುತ್ತದೆ, ದಿನದ ಲೀಟರ್ ಸಂಘದ ದಾಖಲೆಯಲ್ಲಿದೆ. ತೋರಿಸಬಹುದಾದ ಆದಾಯಗಳಲ್ಲಿ ಇದರಷ್ಟು ಗಟ್ಟಿಯಾದದ್ದು ಹಳ್ಳಿಯಲ್ಲಿ ಬೇರೊಂದಿಲ್ಲ. ಆದರೆ ಡೇರಿ ಸದಸ್ಯತ್ವ ಆತನ ತಾಯಿಯ ಹೆಸರಿನಲ್ಲಿರುವುದು ಸಾಮಾನ್ಯ, ಆಗ ಹಸು ಸಾಕುತ್ತಿರುವವರು ಯಾರು ಎಂಬುದನ್ನು ಪಾಟೀಸವಾಲಿನಲ್ಲಿ ಹೊರತರಬೇಕು.

ಕೈಗಾರಿಕೆಯ ಕೆಲಸಗಾರರದ್ದು ಇನ್ನೊಂದು ಪಾಡು. ನರಸಾಪುರ, ವೇಮಗಲ್, ಮಾಲೂರಿನ ಕಾರ್ಖಾನೆಗಳಲ್ಲಿ ಗುತ್ತಿಗೆ ಏಜೆನ್ಸಿಯ ಮೂಲಕ ದುಡಿಯುವವರಿಗೆ ಏಜೆನ್ಸಿ ಬದಲಾಗುತ್ತಲೇ ಇರುತ್ತದೆ. ಕಾರ್ಖಾನೆಗೆ ನೋಟಿಸು ಕೊಟ್ಟರೆ ‘ನಮ್ಮ ನೌಕರ ಅಲ್ಲ’ ಎನ್ನುತ್ತಾರೆ. ಏಜೆನ್ಸಿ ಬದಲಾದರೂ ಬದಲಾಗದ್ದು ಆತನ ಭವಿಷ್ಯನಿಧಿಯ ಯುಎಎನ್, ಅಂದರೆ ಖಾತೆದಾರನ ಕಾಯಂ ಸಂಖ್ಯೆ. ಹಳೆಯ ಸಂಬಳದ ಚೀಟಿಯಲ್ಲಿ ಅದು ಇರುತ್ತದೆ. ದಾಖಲೆ ಹಾಜರುಪಡಿಸುವಂತೆ ಮಾಲೀಕರಿಗೆ ಆದೇಶಿಸಿ ಎಂದು ನಾಗರಿಕ ಸುರಕ್ಷಾ ಸಂಹಿತೆಯ 94ನೇ ಕಲಂ ಅಡಿ ಕೋರ್ಟನ್ನು ಕೇಳಬಹುದು. ಸಂಬಳದಲ್ಲಿ ಭವಿಷ್ಯನಿಧಿ, ಇಎಸ್‌ಐ, ವೃತ್ತಿ ತೆರಿಗೆ ಇಂಥ ಕಡ್ಡಾಯ ಕಡಿತಗಳನ್ನು ಆದಾಯದಿಂದ ಕಳೆಯಲು ಕೋರ್ಟು ಸಾಮಾನ್ಯವಾಗಿ ಒಪ್ಪುತ್ತದೆ. ಚೀಟಿ ಕಂತು, ಬೈಕಿನ ಸಾಲ, ಸಹಕಾರ ಸಂಘದ ವೈಯಕ್ತಿಕ ಸಾಲ ತೋರಿಸಿ ‘ಕೈಗೆ ಬರೋದೇ ಎಂಟು ಸಾವಿರ’ ಎನ್ನುವುದನ್ನು ಒಪ್ಪಬೇಕಾಗಿಲ್ಲ. ಕೆಲಸವೇ ಇಲ್ಲ ಎಂದು ಹೇಳಿದರೂ, ಮೈಯಲ್ಲಿ ಶಕ್ತಿಯಿರುವ ಗಂಡಸು ಕೂಲಿ ಮಾಡಿಯಾದರೂ ಹೆಂಡತಿ ಮಕ್ಕಳನ್ನು ಸಾಕಬೇಕು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಮತ್ತೊಮ್ಮೆ ಹೇಳಿದೆ.

ಮೊತ್ತ ಎಷ್ಟು ಎಂಬುದಕ್ಕೆ ಶೇಕಡಾವಾರು ಸೂತ್ರ ನಮ್ಮ ಕಾನೂನಿನಲ್ಲಿ ಇಲ್ಲ. ‘ಸಂಬಳದಲ್ಲಿ ಕಾಲು ಭಾಗ’ ಎಂಬ ಮಾತು ಬಂದದ್ದು 2017ರ ಒಂದು ಪ್ರಕರಣದಿಂದ. ಅದು ಹೆಂಡತಿಯ ಜೀವನಾಂಶದ ಬಗ್ಗೆ, ಆ ಪ್ರಕರಣದ ಸಂಗತಿಗಳ ಮೇಲೆ ಹೇಳಿದ್ದು, ಮಗುವಿನ ಹಣಕ್ಕೆ ಅದನ್ನು ಮಿತಿಯಾಗಿ ಹಚ್ಚುವುದು ಸರಿಯಲ್ಲ. ಮಗುವಿನ ಖರ್ಚನ್ನು ಲೆಕ್ಕ ಹಾಕಿ ಕೇಳುವುದೇ ದಾರಿ. ‘10,000 ಕೊಡಿಸಿ’ ಎಂದು ಬರಿಗೈಯಲ್ಲಿ ಕೇಳಿದರೆ 3,000ಕ್ಕೆ ಇಳಿಯುತ್ತದೆ.

ಉದಾಹರಣೆಗೆ ನಾಲ್ಕನೇ ತರಗತಿಯ ಮಗು ಎಂದುಕೊಳ್ಳಿ. ವರ್ಷಕ್ಕೆ ಶಾಲೆಯ ಶುಲ್ಕ 30,000, ಪುಸ್ತಕ ಮತ್ತು ಸಮವಸ್ತ್ರ 6,000, ಹತ್ತು ತಿಂಗಳ ಶಾಲಾ ವ್ಯಾನು 10,000, ಟ್ಯೂಷನ್ 5,000, ಬಟ್ಟೆ ಚಪ್ಪಲಿ ಹಬ್ಬ 6,000, ವೈದ್ಯರು ಔಷಧಿ 6,000. ಒಟ್ಟು 63,000, ಅಂದರೆ ತಿಂಗಳಿಗೆ 5,250. ಇದಕ್ಕೆ ಹಾಲು, ರೇಷನ್, ತರಕಾರಿ, ಗ್ಯಾಸಿನಲ್ಲಿ ಮಗುವಿನ ಪಾಲು 3,000 ಸೇರಿಸಿ. ತಾಯಿ ಮಗು ಇಬ್ಬರೇ ಇರುವ ಮನೆಯ ಬಾಡಿಗೆ 4,500 ಆದರೆ ಅದರ ಅರ್ಧ 2,250. ಎಲ್ಲ ಸೇರಿ ತಿಂಗಳಿಗೆ 10,500 ರೂಪಾಯಿ. ವರ್ಷಕ್ಕೊಮ್ಮೆ ಬರುವ ಖರ್ಚುಗಳನ್ನು ಮರೆತು ಬರೀ ಊಟದ ಲೆಕ್ಕ ಬರೆಯುವುದು, ಮನೆಬಾಡಿಗೆಯನ್ನು ಮಗುವಿನ ಖರ್ಚೆಂದು ಎಣಿಸದೆ ಬಿಡುವುದು, ಇವೆರಡು ತಪ್ಪುಗಳೇ ಅರ್ಜಿಯ ಮೊತ್ತವನ್ನು ಅರ್ಧಕ್ಕಿಂತ ಕೆಳಗಿಳಿಸುತ್ತವೆ.

ತಾಯಿಯೂ ದುಡಿಯುತ್ತಿದ್ದರೆ ಖರ್ಚು ಇಬ್ಬರ ಆದಾಯದ ಅನುಪಾತದಲ್ಲಿ ಹಂಚಿಕೆಯಾಗಬೇಕು ಎಂಬುದು 2000ನೇ ಇಸವಿಯಿಂದ ಸುಪ್ರೀಂ ಕೋರ್ಟ್ ಒಪ್ಪಿರುವ ತತ್ವ. ತಂದೆಯ ಕೈಗೆ 24,000, ಗಾರ್ಮೆಂಟ್ಸ್‌ನಲ್ಲಿ ದುಡಿಯುವ ತಾಯಿಯ ಕೈಗೆ 12,000 ಬಂದರೆ ಎರಡಕ್ಕೆ ಒಂದರಂತೆ ತಂದೆಯದು 7,000, ತಾಯಿಯದು 3,500. ಕೋರ್ಟು ಈ ಗಣಿತಕ್ಕೆ ಕಟ್ಟುಬಿದ್ದಿಲ್ಲ. ಬೆಳಗ್ಗೆ ಎದ್ದು ಅಡುಗೆ ಮಾಡಿ, ಜ್ವರ ಬಂದ ದಿನ ಸಂಬಳ ಕಳೆದುಕೊಂಡು ಮಗುವಿನ ಪಕ್ಕ ಕೂರುವವಳು ತಾಯಿ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು ಎಂದು ವಾದಿಸಬಹುದು, ವಾದಿಸಬೇಕು. ಮಗು ತಂದೆಯ ಬಳಿ ಇದ್ದು ತಾಯಿ ಹೆಚ್ಚು ದುಡಿಯುತ್ತಿದ್ದರೆ ಇದೇ ಲೆಕ್ಕ ತಿರುಗುಮುರುಗಾಗುತ್ತದೆ. ಗೃಹಲಕ್ಷ್ಮಿಯ 2,000 ರೂಪಾಯಿ ತೋರಿಸಿ ತಂದೆಯ ಪಾಲು ಕಡಿಮೆ ಮಾಡಿ ಎಂದು ಕೇಳುವುದು ಮಾತ್ರ ತೀರಾ ಅನ್ಯಾಯ. ಸರ್ಕಾರ ಆ ಹಣ ಕೊಡುವುದು ಮನೆಯೊಡತಿಗೆ. ತಂದೆಯ ಹೊಣೆ ಅದರಿಂದ ತೀರುವುದಿಲ್ಲ.

ಅಂತಿಮ ತೀರ್ಪಿನವರೆಗೆ ಮಗು ಉಪವಾಸ ಇರಬೇಕಾಗಿಲ್ಲ. ಮುಖ್ಯ ಅರ್ಜಿಯ ಜೊತೆಗೇ ಮಧ್ಯಂತರ ಜೀವನಾಂಶದ ಅರ್ಜಿ ಹಾಕಬೇಕು, ನೋಟಿಸು ಜಾರಿಯಾದ 60 ದಿನಗಳೊಳಗೆ ಅದನ್ನು ಸಾಧ್ಯವಾದಷ್ಟು ತೀರ್ಮಾನಿಸಬೇಕೆಂದು ಕಾನೂನೇ ಹೇಳಿದೆ. ವಿಚ್ಛೇದಿತ ಅಥವಾ ತ್ಯಜಿಸಲ್ಪಟ್ಟ ತಾಯಿಯ ಮಗುವಿಗೆ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ ಯೋಜನೆಯಡಿ ತಿಂಗಳಿಗೆ 4,000 ರೂಪಾಯಿ ಸಿಗುವ ಅವಕಾಶವೂ ಇದೆ. ಆದಾಯ ಮಿತಿ ಹಳ್ಳಿಯಲ್ಲಿ ವರ್ಷಕ್ಕೆ 72,000, ಉಳಿದ ಕಡೆ 96,000. ಕೇಳಬೇಕಾದದ್ದು ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ.

ಇನ್ನು ರಾಜಿಯ ವಿಚಾರ. ರಾಜಿ ಒಳ್ಳೆಯದು, ಮಕ್ಕಳಿಗಂತೂ ಒಳ್ಳೆಯದೇ. ಆದರೆ ಹಳ್ಳಿಯ ಪಂಚಾಯ್ತಿಯಲ್ಲಿ ಛಾಪಾ ಕಾಗದದ ಮೇಲೆ ‘ಒಂದೇ ಗಂಟಿನಲ್ಲಿ ಮೂರು ಲಕ್ಷ ಪಡೆದಿದ್ದೇನೆ, ಇನ್ನು ಮುಂದೆ ನನಗಾಗಲಿ ಮಗುವಿಗಾಗಲಿ ಏನೂ ಕೇಳುವುದಿಲ್ಲ’ ಎಂದು ಬರೆಸಿಕೊಳ್ಳುವುದು ಇವತ್ತಿಗೂ ನಿಂತಿಲ್ಲ. ಆ ಕಾಗದದಿಂದ ವಿಚ್ಛೇದನವೂ ಆಗುವುದಿಲ್ಲ, ಮಗುವಿನ ಹಕ್ಕೂ ಹೋಗುವುದಿಲ್ಲ. ತಾಯಿ ತನ್ನದನ್ನು ಬಿಟ್ಟುಕೊಡಬಹುದು, ಮಗುವಿನದನ್ನು ಬಿಟ್ಟುಕೊಡುವ ಅಧಿಕಾರ ಆಕೆಗಿಲ್ಲ. ನಾಲ್ಕು ವರ್ಷದ ಮಗುವಿಗೆ 18 ತುಂಬಲು 168 ತಿಂಗಳು ಬೇಕು. ಮೂರು ಲಕ್ಷವನ್ನು ಅಷ್ಟು ತಿಂಗಳಿಗೆ ಹಂಚಿದರೆ, ಬಡ್ಡಿ ಬಿಟ್ಟು, ತಿಂಗಳಿಗೆ ಸುಮಾರು 1,786 ರೂಪಾಯಿ. ಈ ಭಾಗಾಕಾರವನ್ನು ಸಹಿಗೆ ಮೊದಲು ತಾಯಿಯ ಮುಂದೆ ಯಾರಾದರೂ ಮಾಡಿ ತೋರಿಸಬೇಕು.

ಲೋಕ ಅದಾಲತ್ತಿನ ರಾಜಿ ಇದಕ್ಕಿಂತ ಎಷ್ಟೋ ಮೇಲು, ಅದಕ್ಕೆ ಸಿವಿಲ್ ಕೋರ್ಟಿನ ಡಿಕ್ರಿಯ ಬಲವಿದೆ. ಅದರ ಮೇಲೆ ಅಪೀಲು ಇಲ್ಲ ಎಂಬ ಕಾರಣಕ್ಕೇ ಅದರ ಒಕ್ಕಣೆಯಲ್ಲಿ ಹೆಚ್ಚು ಎಚ್ಚರ ಬೇಕು. ‘ಮಗುವಿಗೆ ತಿಂಗಳಿಗೆ 4,000 ಕೊಡತಕ್ಕದ್ದು’ ಎಂಬ ಒಂದೇ ಸಾಲು ಸಾಲದು. ಬೆಲೆಗಳು ವರ್ಷಕ್ಕೆ ಶೇ 6ರಂತೆ ಏರಿದರೂ 12 ವರ್ಷದಲ್ಲಿ ಆ 4,000ದ ಬೆಲೆ ಇವತ್ತಿನ 2,000ಕ್ಕೆ ಇಳಿದಿರುತ್ತದೆ, ಮಗು ಅಷ್ಟರಲ್ಲಿ ಪಿಯುಸಿಗೆ ಬಂದಿರುತ್ತದೆ. ಪ್ರತಿ ವರ್ಷ ಜೂನ್ 1ರಿಂದ ಇಂತಿಷ್ಟು ಹೆಚ್ಚಳ, ತಿಂಗಳ 5ನೇ ತಾರೀಕಿನೊಳಗೆ ಇಂಥ ಬ್ಯಾಂಕ್ ಖಾತೆಗೆ ಜಮೆ, ಶಾಲೆಯ ಶುಲ್ಕ ಇದರಲ್ಲಿ ಸೇರಿದೆಯೋ ಹೊರಗೋ, ಆಸ್ಪತ್ರೆಗೆ ಸೇರಿಸುವ ಪ್ರಸಂಗ ಬಂದರೆ ಯಾರು ಎಷ್ಟು, 18ರ ನಂತರ ಓದಿಗೆ ಯಾರು, ಇಷ್ಟನ್ನೂ ಬರೆದಿರಬೇಕು. ಒಂದೇ ಗಂಟು ಒಪ್ಪುವುದೇ ಆದರೆ ಮಗುವಿನ ಭಾಗವನ್ನು ಮಗುವಿನ ಹೆಸರಿನಲ್ಲಿ ನಿಶ್ಚಿತ ಠೇವಣಿ ಇಟ್ಟು ಬಡ್ಡಿ ಮಾತ್ರ ತಿಂಗಳಿಗೆ ಬರುವಂತೆ ಮಾಡಬಹುದು. ನಿವೇಶನವನ್ನು ಮಗುವಿನ ಹೆಸರಿಗೆ ಬರೆದುಕೊಟ್ಟರೆ, ಹಿಂದೂಗಳಲ್ಲಿ, ಕೋರ್ಟಿನ ಅನುಮತಿಯಿಲ್ಲದೆ ಪೋಷಕರು ಅದನ್ನು ಮಾರುವಂತಿಲ್ಲ, ಅದೂ ಒಂದು ಕಾವಲು. ಅದಾಲತ್ತಿನ ಪೀಠದ ಮುಂದೆ ಮಕ್ಕಳಿರುವ ಯಾವ ರಾಜಿ ಬಂದರೂ ಈ ಅಂಶಗಳ ಪಟ್ಟಿಯೊಂದನ್ನು ಓದಿ ಹೇಳಿದ ಮೇಲೆಯೇ ಸಹಿ ಹಾಕಿಸುವ ಪದ್ಧತಿ ತನ್ನಿ. ಇದು ಮೂರನೆಯದು.

ತಂದೆಯರಿಗೆ ಒಂದೆರಡು ಮಾತು. ಹಣವನ್ನು ಕೈಗೆ ಕೊಡಬೇಡಿ, ಖಾತೆಗೆ ಹಾಕಿ. ಸಾಕ್ಷಿಯಿಲ್ಲದ ನಗದು ಕೋರ್ಟಿನಲ್ಲಿ ಕೊಡದ ಹಣವೇ ಆಗುತ್ತದೆ. ಹುಟ್ಟುಹಬ್ಬದ ಬಟ್ಟೆ, ಸೈಕಲ್ಲು ಪ್ರೀತಿಯ ಲೆಕ್ಕಕ್ಕೆ ಸೇರುತ್ತವೆ, ಜೀವನಾಂಶದ ಲೆಕ್ಕಕ್ಕಲ್ಲ. ಕೆಲಸ ಹೋದರೆ, ಕಾಯಿಲೆ ಬಿದ್ದರೆ ಕೊಡುವುದನ್ನು ತಾವಾಗಿಯೇ ನಿಲ್ಲಿಸದೆ 146ನೇ ಕಲಂ ಅಡಿ ಮೊತ್ತ ಬದಲಿಸಲು ಕೂಡಲೇ ಅರ್ಜಿ ಹಾಕಿ, ಇಲ್ಲದಿದ್ದರೆ ಹಳೆಯ ದರದಲ್ಲೇ ಬಾಕಿ ಬೆಳೆಯುತ್ತ ಹೋಗುತ್ತದೆ. ಮಗುವನ್ನು ನೋಡಲು ಬಿಡುತ್ತಿಲ್ಲ ಎಂಬುದು ನಿಜವಾದ ನೋವು, ಅದಕ್ಕೆ ಭೇಟಿಯ ಹಕ್ಕಿನ ಅರ್ಜಿ ಬೇರೆ ಇದೆ. ಅದಕ್ಕಾಗಿ ಮಗುವಿನ ಅನ್ನದ ಹಣ ತಡೆಯುವಂತಿಲ್ಲ. ಹಾಗೆಯೇ ಹಣ ಬಂದಿಲ್ಲವೆಂದು ತಾಯಿ ಮಗುವನ್ನು ತೋರಿಸದೆ ಇರುವುದೂ ಸಲ್ಲದು. ‘ಮಗು ನನ್ನದಲ್ಲ’ ಎಂಬ ಆರೋಪವನ್ನು ಮೊತ್ತ ತಪ್ಪಿಸಿಕೊಳ್ಳುವ ಉಪಾಯವಾಗಿ ಎತ್ತಬೇಡಿ. ದಾಂಪತ್ಯದಲ್ಲಿ ಹುಟ್ಟಿದ ಮಗು ಗಂಡನದೇ ಎಂದು ಕಾನೂನು ಗಟ್ಟಿಯಾಗಿ ಊಹಿಸುತ್ತದೆ, ಡಿಎನ್‌ಎ ಪರೀಕ್ಷೆಗೆ ಸುಮ್ಮಸುಮ್ಮನೆ ಆದೇಶಿಸಬಾರದೆಂದು ಸುಪ್ರೀಂ ಕೋರ್ಟ್ 2023ರಲ್ಲೂ ಹೇಳಿದೆ.

ಕೊನೆಗೆ ವಸೂಲಿಗೆ ಬರುತ್ತೇವೆ. ಈ ಪತ್ರ ಬರೆಯಲು ಮುಖ್ಯ ಕಾರಣವೇ ಇದು.

ಆದೇಶ ಬಂದ ದಿನ ಗೆದ್ದೆವೆಂದು ಮನೆಗೆ ಹೋಗುತ್ತಾರೆ. ಎರಡು ತಿಂಗಳು ಹಣ ಬರುತ್ತದೆ, ಆಮೇಲೆ ನಿಲ್ಲುತ್ತದೆ. ‘ಕೊಡ್ತಾನೆ ಬಿಡಿ, ಮತ್ತೆ ಯಾಕೆ ಕೋರ್ಟು’ ಎಂದು ಮನೆಯವರು ಹೇಳುತ್ತಾರೆ. ಹೀಗೆ ಕಾಯುವುದರಲ್ಲಿ ಒಂದು ದೊಡ್ಡ ಅಪಾಯವಿದೆ. ಯಾವ ತಿಂಗಳ ಹಣ ಬಾಕಿಯಾಯಿತೋ ಅದಕ್ಕೆ ಒಂದು ವರ್ಷದೊಳಗೆ ಅರ್ಜಿ ಹಾಕದಿದ್ದರೆ 144ನೇ ಕಲಮಿನ ವಾರಂಟ್ ಸಿಗುವುದಿಲ್ಲ. 2024ರ ಜನವರಿಯಿಂದ ಬಾಕಿ ಇದ್ದು 2025ರ ಜುಲೈನಲ್ಲಿ ಅರ್ಜಿ ಹಾಕಿದರೆ ಮೊದಲ ಆರು ತಿಂಗಳ ಹಣಕ್ಕೆ ವಾರಂಟಿನ ಬಾಗಿಲು ಮುಚ್ಚಿರುತ್ತದೆ. ಆ ಹಣ ಮಾಫಿಯಾಗುವುದಿಲ್ಲ, ಸಿವಿಲ್ ದಾರಿಯಲ್ಲಿ ಕೇಳಬಹುದು ಎಂದು 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಬಡ ತಾಯಿಗೆ ಇನ್ನೊಂದು ದಾವೆ ಹೂಡುವುದು ಸುಲಭವಲ್ಲ. ಆದ್ದರಿಂದ ಆರು ತಿಂಗಳಿಗೊಮ್ಮೆ ಬಾಕಿ ಅರ್ಜಿ ಹಾಕುವುದನ್ನು ರೂಢಿ ಮಾಡಿಕೊಳ್ಳಬೇಕು. ತಿಂಗಳು, ಬರಬೇಕಾದದ್ದು, ಬಂದದ್ದು, ಉಳಿದದ್ದು ಎಂಬ ನಾಲ್ಕು ಕಾಲಂ ಹಾಕಿ, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿ ಲಗತ್ತಿಸಿದರೆ ಸಾಕು.

ಜೈಲಿಗೆ ಕಳಿಸುವುದೇ ವಸೂಲಿ ಎಂದು ಹಲವರು ತಿಳಿದಿದ್ದಾರೆ. ಬಾಕಿ ಉಳಿಸಿಕೊಂಡವನಿಗೆ ಪ್ರತಿ ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಸೆರೆವಾಸ ವಿಧಿಸಲು ಅವಕಾಶವಿದೆ, ಜೈಲಿಗೆ ಹೋಗಿ ಬಂದರೂ ಸಾಲ ತೀರುವುದಿಲ್ಲ ಎಂಬುದು 1989ರಿಂದಲೂ ಇತ್ಯರ್ಥವಾದ ಮಾತು. ಆದರೆ ಜೈಲಿನಲ್ಲಿ ಕೂತವನು ದುಡಿಯುವುದಿಲ್ಲ. ಮಗುವಿಗೆ ಬೇಕಾದದ್ದು ಹಣ. ಅದಕ್ಕೆ ಸಂಬಳ ಅಥವಾ ಆಸ್ತಿಯನ್ನು ಹಿಡಿಯುವುದೇ ಮೊದಲ ದಾರಿಯಾಗಬೇಕು. ಕೌಟುಂಬಿಕ ದೌರ್ಜನ್ಯ ಕಾಯ್ದೆಯ 20(6)ರಡಿ ಮಾಲೀಕನೇ ಸಂಬಳದಲ್ಲಿ ಮುರಿದು ನೇರವಾಗಿ ತಾಯಿಗೆ ಕೊಡುವಂತೆ ಕೋರ್ಟು ಆದೇಶಿಸಬಹುದು. ಜೀವನಾಂಶದ ಡಿಕ್ರಿಯ ಅಮಲ್ಜಾರಿಯಲ್ಲಿ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ಸಂಬಳದ ಮೂರನೇ ಒಂದು ಭಾಗಕ್ಕೆ ಮಾತ್ರ ರಕ್ಷಣೆ ಕೊಡುತ್ತದೆ. ಉಳಿದ ಎರಡು ಭಾಗದವರೆಗೂ ಜಪ್ತಿ ಮಾಡಬಹುದು. ಜಮೀನಿರುವವನಿಗೆ ಇನ್ನೂ ಬಲವಾದ ದಾರಿಯಿದೆ. 144ನೇ ಕಲಮಿನ ಬಾಕಿಯನ್ನು ದಂಡ ವಸೂಲಿಯ ರೀತಿಯಲ್ಲೇ ವಸೂಲು ಮಾಡಬೇಕು, ಅಂದರೆ ಜಿಲ್ಲಾಧಿಕಾರಿಗೆ ವಾರಂಟ್ ಹೋಗಿ, ಭೂಕಂದಾಯದ ಬಾಕಿಯಂತೆ ಸ್ಥಿರಾಸ್ತಿಯಿಂದ ವಸೂಲಾಗಬಹುದು. ಬಾಕಿ ಅರ್ಜಿಯಲ್ಲಿ ಸರ್ವೆ ನಂಬರ್, ವಿಸ್ತೀರ್ಣ, ಪಹಣಿ ಪ್ರತಿ ಇದ್ದರೆ ಮಾತ್ರ ಇದು ಮುಂದೆ ಹೋಗುತ್ತದೆ. ಬರೀ ‘ಆಸ್ತಿ ಜಪ್ತಿ ಮಾಡಿ’ ಎಂದರೆ ಸಿಬ್ಬಂದಿ ಊರಿಗೆ ಹೋಗಿ ‘ಜಪ್ತಿಗೆ ಏನೂ ಸಿಗಲಿಲ್ಲ’ ಎಂದು ಬರೆದು ಬರುತ್ತಾರೆ.

ಆತ ಊರು ಬಿಟ್ಟು ಹೊಸೂರಿಗೋ ಬೆಂಗಳೂರಿಗೋ ಹೋಗಿದ್ದರೆ ನಾಗರಿಕ ಸುರಕ್ಷಾ ಸಂಹಿತೆಯ 147ನೇ ಕಲಂ ಇದೆ. ಆದೇಶದ ಪ್ರತಿಯನ್ನು ಹಣ ಪಡೆಯದೆ ಕೊಡಬೇಕು, ಮತ್ತು ಆತ ಎಲ್ಲಿದ್ದಾನೋ ಆ ಊರಿನ ಮ್ಯಾಜಿಸ್ಟ್ರೇಟರು ಅದನ್ನು ಜಾರಿ ಮಾಡಬಹುದು.

ಹೀಗಾಗಿ ನಮ್ಮ ನಾಲ್ಕನೆಯ ಮತ್ತು ಮುಖ್ಯ ಬೇಡಿಕೆ ಇದು. ಮಹಿಳೆಯರಿಗೂ ಮಕ್ಕಳಿಗೂ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಕೊಡಬೇಕೆಂದು 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಹೇಳುತ್ತದೆ. ಆ ನೆರವನ್ನು ಆದೇಶದವರೆಗೆ ಮಾತ್ರ ಎಂದು ನಿಲ್ಲಿಸದೆ, ಅದೇ ನೇಮಕಾತಿ ಪತ್ರದಲ್ಲೇ ವಸೂಲಿ ಅರ್ಜಿಗಳಿಗೂ ವಕೀಲರನ್ನು ಮುಂದುವರಿಸಿ. ಜೀವನಾಂಶದ ಪ್ರತಿ ಆದೇಶಕ್ಕೂ ತಾಲ್ಲೂಕು ಸಮಿತಿಯಲ್ಲಿ ಒಂದು ವಹಿ ಇಡಿ: ಆದೇಶದ ದಿನ, ಮೊತ್ತ, ಕೊನೆಯದಾಗಿ ಹಣ ಬಂದ ತಿಂಗಳು. ಆರನೇ ತಿಂಗಳಲ್ಲಿ ಒಮ್ಮೆ, ಹನ್ನೊಂದನೇ ತಿಂಗಳಲ್ಲಿ ಮತ್ತೊಮ್ಮೆ ಸ್ವಯಂಸೇವಕರು ತಾಯಿಗೆ ಫೋನ್ ಮಾಡಿ ‘ಹಣ ಬರುತ್ತಿದೆಯೇ?’ ಎಂದು ಕೇಳಲಿ. ಬರುತ್ತಿಲ್ಲವೆಂದರೆ ಅದೇ ವಾರ ಬಾಕಿ ಪಟ್ಟಿ ತಯಾರಾಗಲಿ. ಆದೇಶದ ಉಚಿತ ಪ್ರತಿಯನ್ನು ತೀರ್ಪಿನ ದಿನವೇ ಆಕೆಯ ಕೈಗೆ ಕೊಡಿಸಿ; ಅದರ ಹಿಂಬದಿಗೆ ವಸೂಲಿ ಅರ್ಜಿಗೆ ಯಾವಾಗ, ಎಲ್ಲಿಗೆ, ಯಾವ ಕಾಗದ ಹಿಡಿದು ಬರಬೇಕೆಂದು ಕನ್ನಡದಲ್ಲಿ, ಗಡಿಭಾಗದಲ್ಲಿ ತೆಲುಗಿನಲ್ಲೂ, ಅಚ್ಚಾಗಿರುವ ಚೀಟಿಯೊಂದನ್ನು ಪಿನ್ ಮಾಡಿಸಿ.

ಈ ಪತ್ರ ಓದುವ ತಾಯಂದಿರು ಯಾರಿಗೂ ಕಾಯದೆ ಕಾನೂನು ಸೇವೆಗಳ ಸಹಾಯವಾಣಿ 15100ಕ್ಕೆ ಕರೆ ಮಾಡಬಹುದು, ಅಥವಾ ತಮ್ಮ ತಾಲ್ಲೂಕಿನ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಗೆ ನೇರವಾಗಿ ಹೋಗಬಹುದು. ಹೋಗುವಾಗ ಮಗುವಿನ ಜನನ ಪ್ರಮಾಣಪತ್ರ, ಮದುವೆಯ ಫೋಟೋ ಅಥವಾ ಲಗ್ನಪತ್ರಿಕೆ, ಇಬ್ಬರ ಆಧಾರ್ ಪ್ರತಿ ಸಿಕ್ಕರೆ ಅದು, ಶಾಲೆಯ ಶುಲ್ಕದ ರಸೀದಿ, ಬಾಡಿಗೆ ಕರಾರು, ತಮ್ಮ ಬ್ಯಾಂಕ್ ಪಾಸ್‌ಬುಕ್, ಗಂಡನ ಊರಿನ ಪಹಣಿ ಇವನ್ನು ತೆಗೆದುಕೊಂಡು ಹೋಗಿ. ಯಾವುದಾದರೂ ಒಂದು ಇಲ್ಲವೆಂದು ಮನೆಯಲ್ಲೇ ಉಳಿಯಬೇಡಿ, ಅರ್ಜಿ ಹಾಕಿದ ಮೇಲೂ ಅದನ್ನು ಸೇರಿಸಬಹುದು.

ಇತಿ ತಮ್ಮ ವಿಶ್ವಾಸಿಗಳು,
ಕೋಲಾರ ಜಿಲ್ಲೆಯ ಕೆಲವು ವಕೀಲರು ಮತ್ತು ಅರೆ ಕಾನೂನು ಸ್ವಯಂಸೇವಕರು